ಅತ್ತೆಯ ಹೆಬ್ಬೆಟ್ಟು

ಜೂನ್ 9, 2025, ಸೋಮವಾರ. ಚಳ್ಳಕೆರೆ

ರಾತ್ರಿ ಮೂರಕ್ಕೆ ಅತ್ತೆ ಎದ್ದು ಕೂತಿದ್ದರು. ನನ್ನ ಸೀರೆಯ ಕುಚ್ಚು ಬಿಚ್ಚಿ, ಬೆರಳು ಎಂಜಲು ಮಾಡಿಕೊಂಡು, ಎಳೆಗೆ ಎಳೆ ಹೊಸೆಯುತ್ತಿದ್ದರು. ಮುಗಿದ ಹಾಸಿನ ಎಳೆಗೆ ಹೊಸ ಹಾಸು ಸೇರಿಸೋದು ಹೀಗೇ ಅಂತೆ. ಮೊಳಕಾಲ್ಮುರಿನ ಮಗ್ಗದ ಮನೆಯಲ್ಲಿ ವರ್ಷಾನುಗಟ್ಟಲೆ ಮಾಡಿದ ಕೆಲಸ. ನನ್ನ ಹೆಸರು ನೆನಪಿಲ್ಲ, ಹೊಸೆದಿದ್ದು ಮಾತ್ರ ಎಳೆದರೂ ಬಿಚ್ಚಲಿಲ್ಲ.

ಒಳ್ಳೇ ಸೀರೆ. ಬೈದೆ. ನಕ್ಕರು.

ಜೂನ್ 12, ಗುರುವಾರ

ಭಾವ ಬಂದಿದ್ದರು. ಮಾವಿನಹಣ್ಣು, ಜೊತೆಗೊಂದು ಪ್ಲಾಸ್ಟಿಕ್ ಫೈಲು. ಅತ್ತೆಯ ಮನೆಯನ್ನು ತಮ್ಮ ಹೆಸರಿಗೆ ದಾನಪತ್ರ ಮಾಡಿಸಬೇಕಂತೆ. ರೇಷ್ಮೆ ದುಬಾರಿ, ಸಾಲ ಬೇಕು, ಬ್ಯಾಂಕಿನವರು ಖಾತೆ ಯಾರ ಹೆಸರಲ್ಲಿದೆ ಅಂತಾರೆ. ನಮ್ಮ ಮನೆಯವರು ಬಾಯಿ ಬಿಡಲಿಲ್ಲ. ಭಾವ ಹೋದ ಮೇಲೆ ಬಿಟ್ಟರು, ಅದೂ ನನ್ನ ಮೇಲೆ.

ಸಂಜೆ ಬಳ್ಳಾರಿಯಿಂದ ನಾದಿನಿ ಫೋನು. ಅಷ್ಟರಲ್ಲೇ ಸುದ್ದಿ ಮುಟ್ಟಿತ್ತು. “ಅವ್ವ ನಿಮ್ಮ ಹತ್ರ ಇದ್ರೆ ನಿಮಗೇನು ನಷ್ಟ ಅತ್ತಿಗೆ, ಗೃಹಲಕ್ಷ್ಮಿ ಎರಡು ಸಾವಿರ ಬರುತ್ತಲ್ಲ.” ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯೇ, ನಿಜ. ಡೈಪರಿನ ಲೆಕ್ಕ ನಾಲಿಗೆ ತುದಿಗೆ ಬಂದಿತ್ತು.

ಜೂನ್ 18, ಬುಧವಾರ

ಚಿತ್ರದುರ್ಗಕ್ಕೆ, ಡಾಕ್ಟರ ಹತ್ತಿರ. ಇವತ್ತು ಯಾವ ವಾರ? ಗೊತ್ತಿಲ್ಲ. ನೂರರಲ್ಲಿ ಏಳು ಕಳೀರಿ. “ಯಾಕೆ ಕಳೀಬೇಕು? ನಾನೇನು ನಿಮಗೆ ಕೊಡಬೇಕಾ?”

ಡಾಕ್ಟರೂ ನಕ್ಕರು. ಚೀಟಿಯಲ್ಲಿ ಮಾತ್ರ ಡಿಮೆನ್ಷಿಯಾ ಅಂತ ಬರೆದರು. ದೇಶದಲ್ಲಿ ಅರವತ್ತು ದಾಟಿದ ನೂರು ಜನರಲ್ಲಿ ಏಳು ಮಂದಿಗೆ ಇದೆಯಂತೆ. ಅಲ್ಲೂ ಏಳು.

ಜೂನ್ 24, ಮಂಗಳವಾರ

ವಕೀಲರು. ಮೈನರ್ ಮಕ್ಕಳಿಗೆ ಇರೋ ಹಾಗೆ ಮರೆವಿನ ಮುದುಕರಿಗೆ ಪಾಲಕರನ್ನು ನೇಮಿಸೋ ನೇರ ದಾರಿ ಇಲ್ಲ. 1987ರ ಕಾಯ್ದೆಯಲ್ಲಿ ಆಸ್ತಿ ನೋಡಿಕೊಳ್ಳಲು ಮ್ಯಾನೇಜರ್ ಇದ್ದರು, 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ಈಗಿರೋ ಪ್ರತಿನಿಧಿ ಚಿಕಿತ್ಸೆಗೆ ಮಾತ್ರ. ಹೈಕೋರ್ಟಿಗೆ ರಿಟ್ ಹಾಕಬಹುದು. ಕೋಮಾದಲ್ಲಿದ್ದವರ ವಿಷಯದಲ್ಲಿ ಕೇರಳ ಹೈಕೋರ್ಟು 2019ರಲ್ಲಿ ಮಾರ್ಗಸೂಚಿ ಕೊಟ್ಟಿದೆ. ಬೆಂಗಳೂರು ಅಂದ ಕೂಡಲೇ ಇವರು ಫೀಸು ಎಷ್ಟಾಗುತ್ತೆ ಅಂದರು.

ಪವರ್ ಆಫ್ ಅಟಾರ್ನಿ? ಕೊಡೋಕೆ ಅತ್ತೆಗೆ ಬುದ್ಧಿ ಸ್ವಾಧೀನದಲ್ಲಿರಬೇಕು. ಹಾಗಾದರೆ ಭಾವನ ದಾನಪತ್ರವೂ ನಡೆಯಲ್ಲ ತಾನೇ? ವಕೀಲರು ಕನ್ನಡಕ ಒರೆಸಿದರು. 1872ರ ಕರಾರು ಕಾಯ್ದೆ, 12ನೇ ಸೆಕ್ಷನ್: ನಡುನಡುವೆ ಬುದ್ಧಿ ಸರಿಯಾಗುವವರು ಆ ಹೊತ್ತಿನಲ್ಲಿ ಬರೆದುಕೊಟ್ಟರೆ ಊರ್ಜಿತ. “ಯಾವ ಹೊತ್ತಲ್ಲಿ ಹೇಗಿದ್ರು ಅಂತ ಒಂದು ಪುಸ್ತಕದಲ್ಲಿ ಬರೆದಿಡಮ್ಮ.”

ಅದಕ್ಕೆ ಬೇರೆ ನೋಟ್‌ಬುಕ್ ತಂದೆ. ಇದನ್ನು ಯಾರಿಗೂ ತೋರಿಸಲ್ಲ.

ಜೂನ್ 27, ಶುಕ್ರವಾರ

ಬೆಳಗ್ಗೆ 6. ನನ್ನನ್ನು ತಂಗಿ ಅಂದುಕೊಂಡರು.

10. ಸರಿ ಇದ್ದರು. ಶೇಂಗಾ ಬಿತ್ತಿದರಾ, ಮಳೆ ಹೇಗೆ ಅಂತ ಕೇಳಿದರು.

ಸಂಜೆ 5. ಬಾಗಿಲು ಬಡಿತ. ರಾಯದುರ್ಗಕ್ಕೆ ಹೋಗಬೇಕು, ಅಮ್ಮ ಕಾಯುತ್ತಿದ್ದಾಳೆ. ಎಲ್ಲಾ ತೆಲುಗಿನಲ್ಲೇ.

ಹತ್ತು ಗಂಟೆಯದನ್ನು ಬರೀಬೇಡ ಅಂದರು ಇವರು.

ಜುಲೈ 3, ಗುರುವಾರ

ಹತ್ತು ಗಂಟೆ. ತಲೆ ಬಾಚುತ್ತಿದ್ದೆ. ಹೆಸರು ಹಿಡಿದು ಕರೆದರು. “ಮನೆ ದೊಡ್ಡೋನಿಗೇ ಇರ್ಲಿ ಕಣೆ. ಮಗ್ಗ ಬಿಡದಿದ್ದೋನು ಅವನೊಬ್ಬನೇ. ನಿನ್ನ ಗಂಡ ಎಣ್ಣೆ ಮಿಲ್ಲಿಗೆ ಹೋದ. ಅವಳಿಗೆ ಬಂಗಾರ ಹಾಕಿದೀನಿ.” ಆಮೇಲೆ, “ನಿನಗೇನು ಕೊಡ್ಲಿ?”

ಎಣ್ಣೆ ಬಾಟಲಿಯ ಮುಚ್ಚಳ ಹುಡುಕುವವಳ ಹಾಗೆ ಬಗ್ಗಿದೆ.

ಹನ್ನೊಂದೂವರೆಗೆ ನಾನೇ ಮಾತು ತೆಗೆದೆ. ಯಾವ ಮನೆ ಅಂದರು.

ವಕೀಲರ ಪುಸ್ತಕದಲ್ಲಿ “10: ತಲೆ ಬಾಚಿದೆ” ಅಂತ ಬರೆದೆ. ಸುಳ್ಳೇನಲ್ಲ.

ಜುಲೈ 6, ಭಾನುವಾರ. ಮೊಳಕಾಲ್ಮುರು

ಎಲ್ಲರೂ ಸೇರಿದ್ದರು. ನಾದಿನಿ ಸಮಪಾಲು ಅಂತ ಕೂತಳು. ಮನೆ ಅತ್ತೆಗೆ ಅವರಪ್ಪ ಕೊಟ್ಟಿದ್ದು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಪೂರ್ತಿ ಅವರದೇ, ಬದುಕಿರೋವರೆಗೆ ಯಾರ ಪಾಲೂ ಇಲ್ಲ ಅಂತ ವಕೀಲರು ಹೇಳಿದ್ದು ಇವರ ಕಿವಿಗೂ ಬಿದ್ದಿತ್ತು. ತಂಗಿಗೆ ಅದನ್ನು ಹೇಳಲಿಲ್ಲ. ಕೂಗಾಟದ ಮಧ್ಯೆ ಅತ್ತೆ ಕಂಡಿಕೆ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಬಣ್ಣ ಬೇರೆ ಮಾಡುತ್ತಿದ್ದರು. ಕೆಂಪು, ಹಸಿರು. ಒಂದೂ ತಪ್ಪಲಿಲ್ಲ.

ಭಾವನ ಹೆಂಡತಿ, ಅಕ್ಕ, ಅಡುಗೆಮನೆಯಲ್ಲಿ ಮೆಲ್ಲಗೆ ಅಂದರು: “ಅತ್ತೇನ ನಾನು ಬೇಡ ಅನ್ನಲ್ಲ. ರಾತ್ರಿ ಎದ್ದು ಮಗ್ಗದ ಗುಂಡಿಗೆ ಬಿದ್ರೆ ಯಾರು ಎತ್ತಬೇಕು ಹೇಳು. ಇವರು ಕುಂಭಕರ್ಣ.” ಆಕೆಯನ್ನೂ ಯಾರೂ ಕೇಳಿಲ್ಲ.

ವಕೀಲರು ಇನ್ನೊಂದು ಹೇಳಿದ್ದರು: ನೋಡಿಕೊಳ್ಳಬೇಕು ಅನ್ನೋ ಷರತ್ತು ದಾನಪತ್ರದಲ್ಲೇ ಇದ್ದರೆ, ತಪ್ಪಿದಾಗ 2007ರ ಹಿರಿಯ ನಾಗರಿಕರ ಕಾಯ್ದೆಯಲ್ಲಿ ಅಸಿಸ್ಟೆಂಟ್ ಕಮಿಷನರ್ ಮುಂದೆ ಅದನ್ನು ರದ್ದು ಮಾಡಿಸಬಹುದು. ಷರತ್ತು ಇರಲೇಬೇಕು ಅಂತ 2022ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆಯಂತೆ. ಭಾವನಿಗೆ ಹೇಳಿದರೆ ನಾನು ಅವರ ಕಡೆ ಆದ ಹಾಗೆ. ಹೇಳದಿದ್ದರೆ ಅತ್ತೆ ಯಾರ ಕಡೆ?

ಬಸ್ಸಿನಲ್ಲಿ ಇವರು ಒಂದು ಮಾತೂ ಆಡಲಿಲ್ಲ. ಹಾನಗಲ್ ದಾಟುವಷ್ಟರಲ್ಲಿ ಅತ್ತೆಗೆ ನಿದ್ದೆ.

ಜುಲೈ 9, ಬುಧವಾರ

ಸೋಮವಾರ ಹತ್ತೂವರೆಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಲಾಟ್ ಸಿಕ್ಕಿದೆಯಂತೆ. ಭಾವ ಕಾರು ತರುತ್ತಾರೆ. ಬೆಳಗಿನ ಹೊತ್ತೇ ಯಾಕೆ ಹಿಡಿದರು, ಯಾರು ಹೇಳಿದರು? ನಾನಂತೂ ಅಲ್ಲ. ಅಕ್ಕನಿಗೆ ಏನಾದರೂ ಅಂದಿದ್ದೆನಾ?

ತಕರಾರು ಅರ್ಜಿಗೆ ಲಗತ್ತಿಸಲು ಇವರು ವಕೀಲರ ಪುಸ್ತಕ ತೆಗೆದುಕೊಂಡರು. ನಿಂತಲ್ಲೇ ಪುಟ ತಿರುವಿದರು. ಮೂರನೇ ತಾರೀಕಿಗೆ ಬಂದು, “ತಲೆ ಬಾಚಿದ್ದು ಯಾಕೆ ಬರೆದೆ?” ಅಂದರು.