ಈಗೇನು ಕೇಳುತ್ತಿದ್ದೀರಿ?

ಮೊನ್ನೆ ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಕಿಟಕಿಯ ಪಕ್ಕದಲ್ಲಿ ಕುಳಿತಿದ್ದೆ. ಹತ್ತಿರವೇ ನಿಂತಿದ್ದ ನನ್ನ ವಿದ್ಯಾರ್ಥಿಯೊಬ್ಬ ಬಹಳ ಹೊತ್ತು ನನ್ನ ಮುಖವನ್ನೇ ನೋಡಿ, ಕೊನೆಗೆ ಧೈರ್ಯ ತಂದುಕೊಂಡು, “ಯಾವ ಹಾಡು ಸಾರ್?” ಎಂದು ಕೇಳಿದ. “ಹಾಡಲ್ಲಪ್ಪ” ಎಂದೆ. “ಮತ್ತೇನು ಸಾರ್, ಉಪನ್ಯಾಸವಾ?” “ಉಪನ್ಯಾಸವೂ ಅಲ್ಲ.” ಹುಡುಗ ಸುಮ್ಮನಾದ. ಮೇಷ್ಟ್ರು ಏನನ್ನೋ ಮುಚ್ಚಿಡುತ್ತಿದ್ದಾರೆಂದು ಅವನಿಗೆ ಖಾತ್ರಿಯಾಗಿರಬೇಕು.

ಮುಚ್ಚಿಡುವಂಥದು ಏನೂ ಇಲ್ಲ. ನಾನು ಕೇಳುತ್ತಿದ್ದುದು ಸಿನಿಮಾದ ಹಿನ್ನೆಲೆ ಸಂಗೀತ. ಆದರೆ ಹಾಗೆಂದರೆ ಹತ್ತು ಜನರಲ್ಲಿ ಒಂಬತ್ತು ಜನ, “ಅಂದರೆ ಹಾಡಿಗೆ ಮುಂಚೆ ಬರುವುದೋ, ನಡುವೆ ಬರುವುದೋ?” ಎಂದು ಕೇಳುತ್ತಾರೆ. ಹಾಡಿಗೆ ಊರೆಲ್ಲ ನೆಂಟರು. ಹಿನ್ನೆಲೆ ಸಂಗೀತದ ಪಾಡು ಮದುವೆಮನೆಯ ಅಡಿಗೆಯವನ ಪಾಡು. ಊಟ ಚೆನ್ನಾಗಿದ್ದರೆ ಅವನನ್ನು ಯಾರೂ ವಿಚಾರಿಸುವುದಿಲ್ಲ. ಉಪ್ಪು ಹೆಚ್ಚಾದ ದಿನ ಮಾತ್ರ ಅವನನ್ನು ಒಳಗಿನಿಂದ ಕರೆಸುತ್ತಾರೆ. ನಾಯಕಿ ಬಾಗಿಲು ತೆರೆಯುವಾಗ ನಮ್ಮ ಎದೆ ಏಕೆ ಡವಡವ ಎಂದಿತು ಎಂದು ನಾವು ಯೋಚಿಸುವುದೇ ಇಲ್ಲ. ನಾವು ಅಷ್ಟು ಸೂಕ್ಷ್ಮ ಮನಸ್ಸಿನವರೆಂದೇ ತಿಳಿದು ಮನೆಗೆ ಬರುತ್ತೇವೆ.

ಕನ್ನಡ ಎಂ.ಎ. ಮಾಡಿ, ಇಪ್ಪತ್ತು ವರ್ಷದಿಂದ ಮಾತು ಮಾರಿಯೇ ಹೊಟ್ಟೆ ಹೊರೆಯುತ್ತಿರುವವನಿಗೆ ಮಾತಿಲ್ಲದ ಸಂಗೀತದ ಹುಚ್ಚು ಹೇಗೆ ಹಿಡಿಯಿತು ಎಂದು ನಮ್ಮಾಕೆ ಆಗಾಗ ಕೇಳುವುದುಂಟು. ದಿನವೆಲ್ಲ ಮಿಠಾಯಿ ಮಾಡುವವನು ರಾತ್ರಿ ಮನೆಗೆ ಬಂದು ಉಪ್ಪಿನಕಾಯಿ ಕೇಳುವುದಿಲ್ಲವೆ, ಹಾಗೆ ಎಂದು ಸಮಾಧಾನ ಹೇಳುತ್ತೇನೆ.

ಈ ಹುಚ್ಚಿನಲ್ಲಿ ನನಗೆ ಮೂವರು ಜೊತೆಗಾರರಿದ್ದಾರೆ. ಶನಿವಾರ ಸಂಜೆ ಐದೂವರೆಗೆ ಕಾಲೇಜಿನ ಹಿಂದಿನ ರಸ್ತೆಯ ಹೋಟೆಲಿನಲ್ಲಿ ಮೂಲೆಯ ಮೇಜು ನಮ್ಮದು. ಒಬ್ಬರು ನಮ್ಮ ಕಾಲೇಜಿನ ಭೌತಶಾಸ್ತ್ರದ ಮೇಷ್ಟ್ರು. ಇನ್ನೊಬ್ಬರು ಪಕ್ಕದ ಬ್ಯಾಂಕಿನ ಮೇಡಂ. ಮೂರನೆಯವರು ನಮ್ಮಲ್ಲೇ ಗ್ರಂಥಪಾಲಕರಾಗಿದ್ದು ಈಗ ನಿವೃತ್ತರಾಗಿರುವ ಹಿರಿಯರು. ನಾವು ಸೇರಿದಾಗ ಕುಶಲ ವಿಚಾರಿಸುವ ಪದ್ಧತಿ ಇಲ್ಲ. “ಈಗೇನು ಕೇಳ್ತಿದ್ದೀರಿ?” ಎಂಬುದೇ ನಮ್ಮ ನಮಸ್ಕಾರ. ಉತ್ತರಕ್ಕೆ ಎರಡು ನಿಯಮಗಳುಂಟು. ಹೋದ ವಾರದ್ದನ್ನು ಈ ವಾರ ಹೇಳಕೂಡದು. ಫೋನು ಹೊರಗೆ ತೆಗೆಯುವ ಮುಂಚೆ ಬಾಯಿಂದಲೇ ಕೇಳಿಸಬೇಕು. ಹಾಡಾದರೆ ಒಂದು ಸಾಲು ಅಂದರೆ ಮುಗಿಯಿತು. ಇಲ್ಲಿ ಸಾಲು ಎಲ್ಲಿಂದ ತರುವುದು? ಹೂಂಗುಟ್ಟಬೇಕು, ಮೇಜು ಬಡಿಯಬೇಕು, ಕೈಯಲ್ಲಿ ಪಿಟೀಲು ಬಾರಿಸಬೇಕು.

ಭೌತಶಾಸ್ತ್ರದವರು ಒಮ್ಮೆ ಹೀಗೆ ಹಿಚ್‌ಕಾಕ್‌ನ ‘ಸೈಕೋ’ ಚಿತ್ರದ ಸ್ನಾನದ ಮನೆಯ ದೃಶ್ಯವನ್ನು ಕೇಳಿಸಹೋಗಿ, ಚಮಚವನ್ನು ಚಾಕುವಿನಂತೆ ಎತ್ತಿ “ಕ್ರೀಂ, ಕ್ರೀಂ” ಎಂದು ಕಿರಿಚಿದಾಗ, ಸರ್ವರ್ ಹುಡುಗ ಸಾಂಬಾರಿನ ಬಕೆಟ್ಟನ್ನು ಅಲ್ಲೇ ಇಟ್ಟು ಮಾಲೀಕರನ್ನು ಕರೆತಂದ. ಆದರೆ ಆ ದಿನ ಅವರು ಹೇಳಿದ ವಿಷಯ ಮರೆಯುವಂಥದಲ್ಲ. 1960ರ ಆ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ಬಳಸಿದ್ದು ಕಮಾನು ಹಿಡಿದು ನುಡಿಸುವ ತಂತಿವಾದ್ಯಗಳನ್ನು ಮಾತ್ರ; ತುತ್ತೂರಿಯಿಲ್ಲ, ನಗಾರಿಯಿಲ್ಲ. ಆ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂದು ಹಿಚ್‌ಕಾಕ್ ಮೊದಲು ನಿಶ್ಚಯಿಸಿದ್ದನಂತೆ. ಹರ್ಮನ್ ತಾನಾಗಿಯೇ ಬರೆದು ಕೇಳಿಸಿದ ಮೇಲೆ ಮನಸ್ಸು ಬದಲಾಯಿಸಿದ. ಯಜಮಾನ ಬೇಡವೆಂದ ಪದಾರ್ಥವನ್ನು ಮಾಡಿ ಬಡಿಸಿ ಅವನಿಂದಲೇ ಸೈ ಅನ್ನಿಸಿಕೊಂಡ ಅಡಿಗೆಯವನೆಂದರೆ ಇವನೇ.

ಮೇಡಂ ಅವರದು ಇಳಯರಾಜಾ ಸಂಪ್ರದಾಯ. ಅವರ ಮುಂದೆ ಬೇರೆಯವರ ಹೆಸರೆತ್ತಿದರೆ, “ಇರಬಹುದು” ಎಂದು ಕಾಫಿ ಕುಡಿಯುತ್ತಾರೆ. ಆ ಇಳಯರಾಜಾ ಸ್ವತಂತ್ರವಾಗಿ 1976ರಲ್ಲಿ ತಮಿಳಿನ ‘ಅನ್ನಕ್ಕಿಳಿ’ ಮಾಡುವುದಕ್ಕೆ ಮುಂಚೆ ನಮ್ಮ ಜಿ. ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿ ಪಳಗಿದವರು ಎಂಬುದನ್ನು ಮಾತ್ರ ನಾನು ಆಗಾಗ ನೆನಪಿಸಿ ಕನ್ನಡದ ಮಾನ ಕಾಯುತ್ತೇನೆ. ಮಣಿರತ್ನಂ ಅವರ ಮೊದಲ ಚಿತ್ರ, 1983ರ ‘ಪಲ್ಲವಿ ಅನುಪಲ್ಲವಿ’, ಕನ್ನಡದ್ದು. ಅದಕ್ಕೆ ಇಳಯರಾಜಾ ಮಾಡಿದ ಧಾಟಿಯೊಂದನ್ನು ಎಷ್ಟೋ ವರ್ಷಗಳ ನಂತರ ಮೊಬೈಲ್ ಕಂಪನಿಯೊಂದು ತನ್ನ ಜಾಹೀರಾತಿಗೆ ಇಟ್ಟುಕೊಂಡಿತು. ದೇಶವೆಲ್ಲ ಅದನ್ನು ಗುನುಗಿತು. ಎಲ್ಲಿಯದೆಂದು ಬಲ್ಲವರು ಕಡಮೆ. ಆಗ ಮೇಡಂ ತಮ್ಮ ಕೌಂಟರಿಗೆ ಬಂದ ಗಿರಾಕಿಗಳಿಗೆಲ್ಲ ಪಾಸ್‌ಬುಕ್ಕಿನ ಜೊತೆಗೆ ಈ ಸುದ್ದಿಯನ್ನೂ ಕೊಟ್ಟು ಕಳಿಸುತ್ತಿದ್ದರಂತೆ. 2009ರ ಚಿತ್ರಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವಾಗ ಹಾಡಿಗೊಂದು, ಹಿನ್ನೆಲೆಗೊಂದು ಎಂದು ಬೇರೆ ಬೇರೆ ಮಾಡಿ, ಹಿನ್ನೆಲೆಯದನ್ನು ‘ಪಳಸ್ಸಿರಾಜಾ’ ಚಿತ್ರಕ್ಕಾಗಿ ಇಳಯರಾಜಾ ಅವರಿಗೆ ಕೊಟ್ಟಾಗ ಮೇಜಿಗೆಲ್ಲ ಜಾಮೂನು ಕೊಡಿಸಿದವರೂ ಅವರೇ.

ನನ್ನದು ಸ್ವಲ್ಪ ಬಡವರ ಮನೆಯ ರುಚಿ. ತರಗತಿಯಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಎಷ್ಟು ಸಲ ಪಾಠ ಮಾಡಿದ್ದೇನೋ ಲೆಕ್ಕವಿಲ್ಲ. 1970ರಲ್ಲಿ ಬಂದ ಅದರ ಚಿತ್ರಕ್ಕೆ ಸಂಗೀತ ಕೊಟ್ಟ ರಾಜೀವ ತಾರಾನಾಥರು ಇಂಗ್ಲಿಷ್ ಅಧ್ಯಾಪಕರಾಗಿದ್ದು, ಸರೋದಿಗಾಗಿ ಅಲಿ ಅಕ್ಬರ್ ಖಾನರ ಶಿಷ್ಯತ್ವ ಹಿಡಿದವರು. 2024ರಲ್ಲಿ ಅವರು ಮೈಸೂರಿನಲ್ಲಿ ತೀರಿಕೊಂಡ ವಾರ ನಮ್ಮ ಮೇಜಿನಲ್ಲಿ ನಾಲ್ವರೂ ಒಂದೇ ಉತ್ತರ ಹೇಳಿದೆವು. ‘ಘಟಶ್ರಾದ್ಧ’ಕ್ಕೆ ಬಿ. ವಿ. ಕಾರಂತರು ಮಾಡಿದ್ದೂ ನನಗೆ ಅಷ್ಟೇ ಪ್ರಿಯ. 1976ರಲ್ಲಿ ‘ಋಷ್ಯಶೃಂಗ’ಕ್ಕೆ, ಮರುವರ್ಷ ‘ಘಟಶ್ರಾದ್ಧ’ಕ್ಕೆ, ಹೀಗೆ ಸಾಲಾಗಿ ಎರಡು ವರ್ಷ ಅವರಿಗೆ ಸಂಗೀತದ ರಾಷ್ಟ್ರಪ್ರಶಸ್ತಿ ಬಂತು. ಎಲ್ಲಿ ಬಾರಿಸಬಾರದು ಎಂಬುದನ್ನು ರಂಗಭೂಮಿಯಲ್ಲಿ ಕಲಿತು ಬಂದವರು ಕಾರಂತರು. ನಾನು ಮಾತ್ರ ಅವಧಿ ಮುಗಿದು ಗಂಟೆ ಬಾರಿಸಿದರೂ ಮಾತು ನಿಲ್ಲಿಸಲು ಇನ್ನೂ ಕಲಿತಿಲ್ಲ.

ಇನ್ನು ಗ್ರಂಥಪಾಲಕರ ವಿಚಾರ. ಅವರಿಗೆ ಸತ್ಯಜಿತ್ ರಾಯ್ ಎಂದರೆ ಸತ್ಯಜಿತ್ ರಾಯ್. ರವಿಶಂಕರ್, ವಿಲಾಯತ್ ಖಾನ್, ಅಲಿ ಅಕ್ಬರ್ ಖಾನ್, ಹೀಗೆ ದೊಡ್ಡ ಉಸ್ತಾದರಿಂದಲೇ ಸಂಗೀತ ಮಾಡಿಸಿ, 1961ರ ‘ತೀನ್ ಕನ್ಯಾ’ದಿಂದ ಆ ಕೆಲಸವನ್ನು ರಾಯ್ ತಾವೇ ಕೈಗೆತ್ತಿಕೊಂಡ ಕಥೆಯನ್ನು ಅವರು ಪುರಾಣದಂತೆ ಹೇಳುತ್ತಿದ್ದರು. ಆದರೆ ಅವರ ಪಾಲಿಗೆ ಎಲ್ಲಕ್ಕಿಂತ ಮಿಗಿಲು 1955ರ ‘ಪಥೇರ್ ಪಾಂಚಾಲಿ’. ರವಿಶಂಕರ್ ಅದರ ಸಂಗೀತವನ್ನು ಒಂದೇ ರಾತ್ರಿ, ಸುಮಾರು ಹನ್ನೊಂದು ಗಂಟೆ ಕಾಲ ಕುಳಿತು ಮುಗಿಸಿದರು. ಅದರಲ್ಲಿ ಒಂದು ಕಡೆ, ಬಹಳ ದಿನದ ಮೇಲೆ ಊರಿಗೆ ಬಂದ ತಂದೆ, ಮಗಳು ತೀರಿಕೊಂಡದ್ದು ತಿಳಿಯದೆ, ಅವಳಿಗೆಂದು ತಂದ ಸೀರೆಯನ್ನು ಹೆಂಡತಿಯ ಕೈಗೆ ಕೊಡುತ್ತಾನೆ. ತಾಯಿ ಆ ಸೀರೆ ಹಿಡಿದು ಕುಸಿಯುತ್ತಾಳೆ. ಬಾಯಿ ತೆರೆದಿದೆ, ಅಳು ಮಾತ್ರ ಕೇಳಿಸುವುದಿಲ್ಲ. ಅದರ ಬದಲು ತಾರ್ ಶಹನಾಯಿ ಕೂಗುತ್ತದೆ. ಹೆಸರಿನಲ್ಲಿ ಶಹನಾಯಿ ಇದ್ದರೂ ಅದು ಊದುವ ವಾದ್ಯವಲ್ಲ. ಕಮಾನಿನಿಂದ ನುಡಿಸುವ ತಂತಿವಾದ್ಯ, ಅದಕ್ಕೊಂದು ಲೋಹದ ಕಹಳೆ. ನುಡಿಸಿದವರು ದಕ್ಷಿಣಾಮೋಹನ್ ಠಾಕೂರ್. ಇದನ್ನು ಹೇಳುವಾಗ ನಮ್ಮ ಹಿರಿಯರು ಬಾಯಲ್ಲಿ ಕೇಳಿಸುವ ನಿಯಮದಿಂದ ವಿನಾಯಿತಿ ಬೇಡುತ್ತಿದ್ದರು. “ಇದು ನನ್ನ ಕೈಲಾಗದು, ಮೇಷ್ಟ್ರೇ.”

ಇಂದಿನವರಿಗೆ ಗೊತ್ತಿರಲಾರದು. ಹಿಂದೆ ಇಂಥ ಸಂಗೀತವನ್ನು ಮನೆಗೆ ತರುವ ದಾರಿಯೇ ಇರಲಿಲ್ಲ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಅದು ಹಾಡಿಗೆ ಹೇಳಿಸಿದ ಅಳತೆ. ನಮ್ಮಲ್ಲಿ ಹಾಡು ತಟ್ಟೆ ಹತ್ತಿತು, ಹಿನ್ನೆಲೆ ಹೆಚ್ಚಾಗಿ ಚಿತ್ರಮಂದಿರದಲ್ಲೇ ಉಳಿಯಿತು. ಬೇಕಾದವರು ಕದ್ದೇ ತರಬೇಕು. ರಾಯ್ ತೀರಿಕೊಂಡ 1992ರ ಸುಮಾರಿನಲ್ಲಿ ದೂರದರ್ಶನದಲ್ಲಿ ಈ ಚಿತ್ರ ಬಂದಾಗ, ಆಗಿನ್ನೂ ಮದುವೆಯಾಗಿ ಎರಡು ವರ್ಷವಾಗಿದ್ದ ನಮ್ಮ ಗ್ರಂಥಪಾಲಕರು ಟೀವಿಯ ಮುಂದೆ ಸ್ಟೂಲಿಟ್ಟು, ಅದರ ಮೇಲೆ ಟೇಪ್‌ರೆಕಾರ್ಡರ್ ಇಟ್ಟು, ಉಸಿರು ಬಿಗಿಹಿಡಿದು ಕುಳಿತರು. ಸರಿಯಾಗಿ ಆ ಸೀರೆಯ ದೃಶ್ಯದಲ್ಲಿ, ತಾರ್ ಶಹನಾಯಿ ಏರಿದ ಹೊತ್ತಿಗೆ, ಅವರ ಮನೆಯವರು ಅಡಿಗೆಮನೆಯಿಂದ, “ರೀ, ಹಾಲಿಗೆ ಹೆಪ್ಪು ಹಾಕಿದ್ನೋ ಇಲ್ವೋ, ಸ್ವಲ್ಪ ನೋಡ್ತೀರಾ?” ಎಂದರು. ಅದೂ ಟೇಪಿಗೆ ಬಿತ್ತು. ಇವರು “ಶ್!” ಎಂದದ್ದೂ ಬಿತ್ತು.

ಈ ಕಥೆಯನ್ನು ಅವರು ಎಷ್ಟು ಸಲ ಹೇಳಿದರೂ ನಾವು ನಗುತ್ತಿದ್ದೆವು. “ಲೋಕದ ದುಃಖವೆಲ್ಲ ಒಂದು ಕಡೆ, ನಮ್ಮ ಮನೆ ಮೊಸರು ಒಂದು ಕಡೆ” ಎಂದು ಅವರೂ ನಗುತ್ತಿದ್ದರು. ಕಂಪ್ಯೂಟರಿನಲ್ಲಿ ಆ ಮಾತನ್ನೆಲ್ಲ ತೆಗೆದು ಚೊಕ್ಕಟ ಮಾಡಿಕೊಡುತ್ತೇನೆಂದು ಭೌತಶಾಸ್ತ್ರದವರು ಹೇಳಿದ್ದುಂಟು. ಅದಕ್ಕೆ ಮುಂಚೆ ಒಮ್ಮೆ ಮೂಲವನ್ನು ಕೇಳೋಣವೆಂದು ಕ್ಯಾಸೆಟ್ಟನ್ನು ನಾನು ಇಸಕೊಂಡು ಬಂದೆ. ಬಂದವನು ಮರೆತೆ. ಪುಸ್ತಕ ತಡಮಾಡಿದವರಿಂದ ಮೂವತ್ತು ವರ್ಷ ದಂಡ ವಸೂಲು ಮಾಡಿದ ಮನುಷ್ಯ ನನ್ನನ್ನು ಒಂದು ಸಲವೂ ಕೇಳಲಿಲ್ಲ. ಹೀಗೆ ಎರಡು ವರ್ಷ ಕಳೆಯಿತು.

ಹೋದ ಆಷಾಢದಲ್ಲಿ ಅವರ ಮನೆಯವರು ತೀರಿಕೊಂಡರು. ನಾಲ್ಕು ದಿನದ ಜ್ವರ, ಆಸ್ಪತ್ರೆ, ಅಷ್ಟೇ. ವೈಕುಂಠ ಸಮಾರಾಧನೆಯ ದಿನ ಎಲೆಯ ಮುಂದೆ ಕುಳಿತಾಗ ಬಡಿಸುವವರು ಮೊಸರು ತಂದರು. ಆಗ ನನಗೆ ಕ್ಯಾಸೆಟ್ಟು ನೆನಪಾಯಿತು. ಉಂಡದ್ದು ಗಂಟಲಲ್ಲಿ ಇಳಿಯಲಿಲ್ಲ.

ಮನೆಯಲ್ಲಿ ಹುಡುಕಿದೆ. ಅಟ್ಟ ಹತ್ತಿದೆ. ಕಳೆದ ದೀಪಾವಳಿಗೆ ಹಳೆಯ ಸಾಮಾನೆಲ್ಲ ರದ್ದಿಯವನಿಗೆ ಹೋಯಿತಲ್ಲ ಎಂದು ನಮ್ಮಾಕೆ ಅಂದಾಗ ಕೈಕಾಲು ತಣ್ಣಗಾಯಿತು. ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಷ್ಟೋ ಕರುಣರಸದ ಪದ್ಯಗಳಿಗೆ ಅರ್ಥ ಹೇಳಿದವನಿಗೆ ಈ ಒಂದು ವಾಕ್ಯವನ್ನು ಅವರ ಮುಂದೆ ಹೇಗೆ ಹೇಳಬೇಕೋ ತೋಚಲಿಲ್ಲ: “ಕಳೆದುಹೋಯಿತು.”

ಕೊನೆಗೆ ಅದು ಸಿಕ್ಕಿದ್ದು ಕಾಲೇಜಿನ ನನ್ನ ಬೀರುವಿನಲ್ಲಿ, ತಿದ್ದಿ ಮುಗಿಸಿದ ಕಿರುಪರೀಕ್ಷೆಯ ಕಟ್ಟುಗಳ ಕೆಳಗೆ. ಟೇಪಿನ ಅಂಚಿನಲ್ಲಿ ಬೂಷ್ಟು ಹಿಡಿದಿತ್ತು. ಭೌತಶಾಸ್ತ್ರದವರು ಅದನ್ನು ಹೂವು ಮುಟ್ಟುವಂತೆ ಮುಟ್ಟಿ ಒರೆಸಿ, ತಮ್ಮ ಹಳೆಯ ಯಂತ್ರಕ್ಕೆ ಹೊಸ ಬೆಲ್ಟು ಹಾಕಿ, ಪ್ರಯೋಗಶಾಲೆಯ ಬಾಗಿಲು ಮುಚ್ಚಿ ನಡೆಸಿದರು. ಇಬ್ಬರೂ ನಿಂತುಕೊಂಡೇ ಕೇಳಿದೆವು. ಕರಕರ ಸದ್ದು, ಆ ಸದ್ದಿನೊಳಗಿಂದ ತಾರ್ ಶಹನಾಯಿ, ಅದರ ಮೇಲೆ ಹದಿಹರೆಯ ದಾಟಿ ಹೆಚ್ಚು ಕಾಲವಾಗಿರದ ಹೆಣ್ಣುದನಿಯೊಂದು, ಹಾಲಿನ ವಿಚಾರ. ಅನಂತರ “ಶ್!” ನಾವು ಬಲ್ಲ ಆಕೆ ಯಾವಾಗಲೂ ಮೆಲ್ಲಗೆ ಮಾತಾಡುತ್ತಿದ್ದರು. ಈ ದನಿಯಲ್ಲಿ ಸಲಿಗೆ ಇತ್ತು. ಭೌತಶಾಸ್ತ್ರದವರು ಗುಂಡಿ ಒತ್ತಿ ನಿಲ್ಲಿಸಿದರು. “ಇದರಲ್ಲಿ ತೆಗೆಯುವಂಥದ್ದು ಏನೂ ಇಲ್ಲ ಬಿಡಿ” ಎಂದರು.

ಕ್ಯಾಸೆಟ್ಟನ್ನೂ ಯಂತ್ರವನ್ನೂ ಅವರ ಮನೆಗೆ ತಲುಪಿಸಿ ಬಂದೆ. ತಡವಾಯಿತೆಂದು ಕ್ಷಮೆ ಕೇಳಿದೆ. “ದಂಡ ಬರಕೊಂಡಿದ್ದೇನೆ” ಎಂದು ನಕ್ಕರು. ಅದರಾಚೆಗೆ ಇಬ್ಬರೂ ಮಾತಾಡಲಿಲ್ಲ.

ಅದಾದ ಎರಡನೆಯ ಶನಿವಾರ ಅವರು ಹೋಟೆಲಿಗೆ ಬಂದರು. ನಮಗೆ ದಿಗಿಲು. ನಮ್ಮ ನಮಸ್ಕಾರವನ್ನು ಅವರಿಗೆ ಹೇಗೆ ಮಾಡುವುದು? ಮಳೆಯ ವಿಚಾರ ಬಂತು, ಈರುಳ್ಳಿಯ ಬೆಲೆ ಬಂತು. ಕಾಫಿ ಬಂದ ಮೇಲೆ ಅವರೇ, “ಯಾಕೆ, ಯಾರೂ ನನ್ನನ್ನು ಕೇಳುವುದಿಲ್ಲವೋ?” ಎಂದರು. ಮೇಡಂ ತಲೆ ತಗ್ಗಿಸಿಕೊಂಡೇ, “ಈಗೇನು ಕೇಳ್ತಿದ್ದೀರಿ, ಸಾರ್?” ಎಂದರು.

“ಅದನ್ನೇ. ದಿನಾ ಅದನ್ನೇ. ನಿಯಮಕ್ಕೆ ವಿರೋಧ, ಗೊತ್ತು.” ಸ್ವಲ್ಪ ಹೊತ್ತು ಲೋಟವನ್ನೇ ನೋಡುತ್ತಿದ್ದರು. “ಅವತ್ತು ಹೆಪ್ಪು ಹಾಕಿರಲಿಲ್ಲ ಕಣ್ರೀ. ನಾನು ಎದ್ದು ನೋಡಲಿಲ್ಲ. ಮಾರನೇ ದಿನ ಮೊಸರಿಲ್ಲದೆ ಊಟ ಮಾಡಿದೆವು. ಅವಳು ಒಂದು ಮಾತೂ ಅನ್ನಲಿಲ್ಲ.”

ಯಾರೂ ಏನೂ ಹೇಳಲಿಲ್ಲ. ಪಕ್ಕದ ಮೇಜಿನಲ್ಲಿ ಯಾರದೋ ಫೋನಿನಿಂದ ಹೊಸ ಸಿನಿಮಾದ ಹಾಡು ಬರುತ್ತಿತ್ತು. ಅದು ಮುಗಿದ ಮೇಲೆ ಅವರು ನನ್ನ ಕಡೆ ತಿರುಗಿ, ಹಿಂದಿನ ದನಿಯಲ್ಲೇ, “ಮೇಷ್ಟ್ರೇ, ನೀವು?” ಎಂದು ಕೇಳಿದರು.

“ನಾನೂ ಅದನ್ನೇ” ಎಂದೆ.