ಓಟದ ಡೈರಿ – 4: ಗೋಡೆ ಮೇಲೆ 6:40

ದಿನಾ 1600 ಮೀಟರ್ ಜೀವ ಹೋಗೋ ಹಂಗ ಓಡೋದಕ್ಕ ನಮ್ಮ ಕಡೆ ‘ಪ್ರ್ಯಾಕ್ಟೀಸ್’ ಅಂತಾರ. ನನ್ನ ಕೇಳಿದ್ರ ಅದು ದಿನಾ ಪರೀಕ್ಷೆ ಬರೆಯೋದು. ಹಂಗಾದ್ರ ಓದೋದು ಯಾವಾಗ?

ಪೊಲೀಸ್ ಕಾನ್‌ಸ್ಟೇಬಲ್ ದೈಹಿಕ ಪರೀಕ್ಷೆಯಲ್ಲಿ ಹುಡುಗರಿಗೆ 1600 ಮೀಟರ್, 6 ನಿಮಿಷ 30 ಸೆಕೆಂಡ್. ನಮ್ಮ ಕ್ಲಾಸಿನ ಅರ್ಧ ಹುಡುಗರಿಗೆ ಈ ಲೆಕ್ಕ ಬಾಯಿಪಾಠ. ಆದ್ರ ನಿನ್ನ ಟೈಮ್ ಎಷ್ಟೋ ಅಂತ ಕೇಳ್ರಿ, “ಆಗ್ತದ ಬಿಡ ದೋಸ್ತ” ಅಂತಾರ.

ಜೂನ್ ತಿಂಗಳಾಗ ನನ್ನ ಟೈಮ್ 7:20. ಹಾಳಿ ಮೇಲೆ ಬರೆದು ರೂಮಿನ ಗೋಡೆಗೆ ಅಂಟಿಸಿದೆ. ಕೆಳಗ ಗುರಿ: ದೀಪಾವಳಿಗೆ 7:00, ಶರಣಬಸವೇಶ್ವರ ಜಾತ್ರಿಗೆ 6:40. ಅಷ್ಟೇ. 6:30 ಬರೆಯಲೇ ಇಲ್ಲ. ರೂಮ್‌ಮೇಟ್ ನಕ್ಕ, “6:40ಕ್ಕ ಯಾರು ನೌಕರಿ ಕೊಡ್ತಾರೋ?” ಯಾರೂ ಕೊಡೂದಿಲ್ಲ, ಗೊತ್ತದ. ಆದ್ರ 7:20 ಓಡೋ ಕಾಲಿಗೆ ಒಮ್ಮೆಲೆ 6:30 ಬೇಕು ಅಂದ್ರ ಮೊದಲು ಬರೋದು ಮೊಣಕಾಲ ಕೆಳಗಿನ ಎಲುಬಿನ ನೋವು.

ಅವಿನಾಶ್ ಸಾಬಳೆ ಗೊತ್ತಲ್ಲ? ನಮ್ಮ ಆಳಂದ ದಾಟಿದ್ರ ಮಹಾರಾಷ್ಟ್ರ, ಅಲ್ಲಿನ ಬೀಡ್ ಜಿಲ್ಲೆಯವರು. ಅದೂ ನಮ್ಮಂಗೇ ಮಳಿಗೆ ಬಾಯಿ ಬಿಡೋ ಸೀಮೆ. ಸೈನ್ಯಕ್ಕ ಸೇರಿದ ಮೇಲೆ ಓಟಗಾರ ಆದವರು. 3000 ಮೀಟರ್ ಸ್ಟೀಪಲ್‌ಚೇಸ್‌ನಲ್ಲಿ 2018ರಲ್ಲಿ 8:29.80 ಓಡಿ, 1981ರಿಂದ ಉಳಿದಿದ್ದ ರಾಷ್ಟ್ರೀಯ ದಾಖಲೆ ಮುರಿದರು. 2024ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ 8:09.91. ಹತ್ತಿರ ಹತ್ತಿರ 20 ಸೆಕೆಂಡ್ ಇಳಿಸಲಿಕ್ಕ ಅಂಥವರಿಗೇ 6 ವರ್ಷ ಹಿಡೀತು! ಹೊಸಬರಿಗೆ ಶುರುವಿನಾಗ ಟೈಮ್ ಬೇಗ ಇಳೀತದ, ಖರೆ. ಆಮೇಲೆ ಒಂದೊಂದು ಸೆಕೆಂಡೂ ಸಾಲ ವಸೂಲಿ ಮಾಡಿದಂಗ.

ನನ್ನ ವಾರ ಹಿಂಗದ: ನಾಲ್ಕು ದಿನ ನಿಧಾನ ಓಟ, ಪಕ್ಕದವನ ಜೊತಿ ಮಾತಾಡಲಿಕ್ಕ ಆಗೋ ಅಷ್ಟು ನಿಧಾನ. ಒಂದು ದಿನ 400 ಮೀಟರ್ ಆರು ಸಲ, ನಡುವ ದಮ್ ತಗೊಂಡು. ಒಂದು ದಿನ 8 ಕಿಲೋಮೀಟರ್. ಐತವಾರ ನಿದ್ದಿ.

ಆ 400ರ ಲೆಕ್ಕ ಎಲ್ಲಾರಿಗೂ ಬೇಕು. 1600 ಅಂದ್ರ ನಾಲ್ಕು ಸುತ್ತು. ಜೋಶ್‌ನಾಗ ಮೊದಲನೇದು 80 ಸೆಕೆಂಡ್ ಓಡಿ, ಆಮೇಲೆ 95, 105, 115 ಆದ್ರ ಒಟ್ಟು 6:35, ಫೇಲ್. ನಾಲ್ಕೂ ಸುತ್ತು 97ರಾಗ ಓಡಿದವ 6:28, ಪಾಸ್. ಮೊದಲ ಸುತ್ತಿನಾಗ ಹಿಂದ ಉಳಿಯೋಕೂ ಧೈರ್ಯ ಬೇಕು, ಸುತ್ತಲೂ ನಿಂತವರು ನಗ್ತಿರ್ತಾರಲ್ಲ.

ರಜೆಗೆ ಊರಿಗೆ ಹೋದವರಿಗೆ ಒಂದು ಮಾತು. ಅಫಜಲಪುರ ಕಡೆಯವರು ಕಬ್ಬಿನ ಟ್ರ್ಯಾಕ್ಟರ್ ಎದುರಿಗೆ ಕಾಣೋ ಹಂಗ ಬಲಗಡೆ ಓಡ್ರಿ. ಜೇವರ್ಗಿಯವರು ಮಳಿ ಬಂದ ಮರುದಿನ ಎರಿ ಹೊಲದ ದಾರಿಗೆ ಇಳೀಬ್ಯಾಡ್ರಿ, ಬೂಟಿಗೆ ಎರಡು ಕಿಲೋ ಮಣ್ಣು ಹತ್ತತದ. ಬ್ಯಾಸಗಿಯಾಗ ಮೂರೂ ತಾಲೂಕಿಗೂ ಒಂದೇ ನಿಯಮ: ಹೊತ್ತು ಹುಟ್ಟೋದರೊಳಗ ಮುಗಿಸಿ ಮನಿಗೆ. 42 ಡಿಗ್ರಿಯಾಗ ಟೈಮ್ ನೋಡಿ ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊನ್ನೆ 6:51 ಬಂತು. ಅದೇ ಸಂಜಿ ಅವ್ವ ಫೋನ್ ಮಾಡಿದ್ಲು. ತಂಗಿ ಫೀಸ್ ಕಟ್ಟೋದದ, ತೊಗರಿ ಈ ಸಲ ಅಷ್ಟಕ್ಕಷ್ಟೇ.

“ಈ ಸಲ ಆಗ್ತದೇನೋ?”

“ಜಾತ್ರಿ ತನ 6:40 ಅವ್ವ. ನೌಕರಿ ಅಂದ್ರ ಅದರ ಮುಂದಿನ ಭರ್ತಿಗೆ.”

ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ ಕೇಳಿದ್ಲು, “ಹಂಗಾರ ಇನ್ನೊಂದು ಜೋಡಿ ಬೂಟ್ ಬೇಕಾಗ್ತಾವಲ್ಲ?”

ಬೂಟಿನ ಕತಿ ಮುಂದಿನ ಭಾಗದಾಗ.