ಹೊಳೆಯುವ ಗೋಡೆ, ಕೊಳೆತ ನೆಲ: ಓಹಾಯೋದಲ್ಲಿ ಕಂಡ ಗಾಲಿಮನೆಗಳು

ಅಮೇರಿಕದ ಓಹಾಯೋ ರಾಜ್ಯದ ಪಶ್ಚಿಮ ಭಾಗವು ನಮ್ಮ ಸೋಲಾಪುರ, ಅಕ್ಕಲಕೋಟೆಗಳಂತೆಯೇ ಬಯಲು ಸೀಮೆ. ಡೇಟನ್ ನಗರದಿಂದ 75ನೆಯ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು ಒಂದು ಗಂಟೆ ಹೋದರೆ, ಗೋವಿನಜೋಳ ಮತ್ತು ಸೋಯಾ ಹೊಲಗಳ ನಡುವೆ ಜಾಕ್ಸನ್ ಸೆಂಟರ್ ಎಂಬ ಹಳ್ಳಿ ಸಿಗುತ್ತದೆ. ಒಂದೂವರೆ ಸಾವಿರದಷ್ಟು ಜನರ ಈ ಊರು ಹೆಸರಾದದ್ದು ಏರ್‌ಸ್ಟ್ರೀಮ್ ಗಾಡಿಗಳಿಂದ. ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುವ, ಬೆಳ್ಳಿಯಂತೆ ಹೊಳೆಯುವ ಅಲ್ಯೂಮಿನಿಯಂ ಮನೆಗಳಿವು. 1952ರಿಂದ ಅವುಗಳ ಕಾರ್ಖಾನೆ ಇಲ್ಲಿದೆ.

ನಾವು ದಂಪತಿಗಳು ಅಲ್ಲಿಗೆ ಹೋಗಲು ಒಂದು ಕಾರಣವಿತ್ತು. ಡೇಟನ್ನಿನಲ್ಲಿರುವ ನಮ್ಮ ಅಕ್ಕನ ಮಗ ಅಂಥದೊಂದು ಹಳೆಯ ಟ್ರೇಲರ್ ಕೊಳ್ಳಬೇಕೆಂದಿದ್ದ. ಸಂಜೆ ಹೊತ್ತು ಮುಳುಗುವ ಮೊದಲೇ ಉಣ್ಣುವ ಮನೆತನ. ಪ್ರವಾಸದಲ್ಲಿ ನಮ್ಮದೇ ಒಲೆ, ನಮ್ಮದೇ ಸೋಸಿದ ನೀರು ಇದ್ದರೆ ಹೋಟೆಲುಗಳ ಚಿಂತೆಯಿಲ್ಲ ಎಂಬುದು ಸೊಸೆಯ ಲೆಕ್ಕ. ಒಬ್ಬ ರೈತರ ಹಿತ್ತಿಲಲ್ಲಿ 1964ರ ಗಾಡಿಯೊಂದು ಅಗ್ಗಕ್ಕೆ ಸಿಗುತ್ತಿತ್ತು. "ಮಾಮಾ, ನೀವೊಮ್ಮೆ ನೋಡ್ರಿ. ಮಾಲು ಪರೀಕ್ಷೆ ಮಾಡೋದು ನಿಮಗ ಗೊತ್ತೈತಿ" ಎಂದ. ಕಾಳಿನ ಪರೀಕ್ಷೆ ಬೇರೆ, ಗಾಡಿಯ ಪರೀಕ್ಷೆ ಬೇರೆ. ಆದ್ದರಿಂದ ಮೊದಲು ಅದು ತಯಾರಾಗುವುದನ್ನು ನೋಡೋಣವೆಂದು ಚಪಾತಿ, ಶೇಂಗಾ ಚಟ್ನಿ ಕಟ್ಟಿಕೊಂಡು ಹೊರಟೆವು.

ಈ ಗಾಡಿಗಳ ಮೂಲಪುರುಷ ವಾಲಿ ಬೈಯಮ್. 1896ರಲ್ಲಿ ಆರೆಗಾನ್ ರಾಜ್ಯದಲ್ಲಿ ಹುಟ್ಟಿದ ಈತ ಎಳೆವಯಸ್ಸಿನಲ್ಲಿ ಕುರಿ ಕಾಯುತ್ತ, ಕತ್ತೆ ಎಳೆಯುವ ಪುಟ್ಟ ಗಾಡಿಯಲ್ಲೇ ವಾಸಿಸಿದ್ದನಂತೆ. ಮುಂದೆ ಲಾಸ್ ಏಂಜಲಿಸ್‌ನಲ್ಲಿ ಟ್ರೇಲರ್ ಕಟ್ಟುವ ಉದ್ಯಮ ಆರಂಭಿಸಿ, 1936ರಲ್ಲಿ 'ಕ್ಲಿಪ್ಪರ್' ಎಂಬ ಅಲ್ಯೂಮಿನಿಯಂ ಗಾಡಿಯನ್ನು ತಂದ. ಅದಕ್ಕೆ ಮಾದರಿ ಹಾಲಿ ಬೌಲಸ್ ಎಂಬ ವಿಮಾನ ತಜ್ಞನ ಟ್ರೇಲರ್. ವಿಮಾನದಂತೆಯೇ ತಗಡುಗಳನ್ನು ರಿವೆಟ್ ಹೊಡೆದು ಜೋಡಿಸಿದ ದುಂಡು ಮೈ. 1959ರಲ್ಲಿ ಬೈಯಮ್ ಇಂಥ ಗಾಡಿಗಳ ಸಾಲನ್ನೇ ಕಟ್ಟಿಕೊಂಡು ಆಫ್ರಿಕದ ಕೇಪ್‌ಟೌನ್‌ನಿಂದ ಕೈರೋಗೆ ಹೊರಟಿದ್ದ. 1969ರ ಜುಲೈನಲ್ಲಿ ಚಂದ್ರನಿಂದ ಮರಳಿದ ಮೂವರು ಗಗನಯಾತ್ರಿಗಳನ್ನು ಮೊದಲು ಪ್ರತ್ಯೇಕವಾಗಿ ಇರಿಸಿದ್ದೂ ಮಾರ್ಪಡಿಸಿದ ಏರ್‌ಸ್ಟ್ರೀಮ್ ಗಾಡಿಯಲ್ಲಿಯೇ. ಅವರಲ್ಲೊಬ್ಬರಾದ ನೀಲ್ ಆರ್ಮ್‌ಸ್ಟ್ರಾಂಗರ ಹುಟ್ಟೂರು ವಾಪಕೊನೆಟಾ ಇಲ್ಲಿಗೆ ಸಮೀಪ.

ಕಾರ್ಖಾನೆಯಲ್ಲಿ ನಮ್ಮ ಗಮನ ಸೆಳೆದದ್ದು ರಿವೆಟ್ ಹೊಡೆಯುವ ಜೋಡಿಗಳು. ಒಬ್ಬರು ಹೊರಗಿನಿಂದ ಯಂತ್ರದ ಸುತ್ತಿಗೆ ಒತ್ತುತ್ತಾರೆ. ಇನ್ನೊಬ್ಬರು ಒಳಗಿನಿಂದ ಉಕ್ಕಿನ ಗಟ್ಟಿ ಹಿಡಿದು ಪೆಟ್ಟು ತಡೆಯುತ್ತಾರೆ. ಒಬ್ಬರಿಗೊಬ್ಬರು ಕಾಣುವುದಿಲ್ಲ, ಕೈಯ ಅಂದಾಜಿನಿಂದಲೇ ಹೊಂದಿಕೊಳ್ಳಬೇಕು. ಒಂದು ಗಾಡಿಗೆ ಇಂಥ ರಿವೆಟ್‌ಗಳು ಸಾವಿರಾರು. ಸಿದ್ಧವಾದ ಗಾಡಿ ಸೋರುವುದೇ ಎಂದು ನೀರು ಸುರಿದು ಪರೀಕ್ಷಿಸುತ್ತಾರೆ. ದುರಸ್ತಿಗೆಂದು ಬಂದ ಗಾಡಿಗಳ ಯಜಮಾನರು ತಂಗಲು ಆವರಣದಲ್ಲಿಯೇ ಬಯಲಿದೆ.

ಅಲ್ಲಿ ಬಿಡಾರ ಹೂಡಿದ್ದ ವೃದ್ಧ ದಂಪತಿಗಳು ನಮಗೆ ಒಂದು ಮುಖ್ಯ ವಿಷಯ ತಿಳಿಸಿಕೊಟ್ಟರು. ಅಲ್ಯೂಮಿನಿಯಂ ಮೈಗೆ ತುಕ್ಕಿಲ್ಲ, ಅದು ಅರವತ್ತು ವರ್ಷವಾದರೂ ಹೊಳೆಯುತ್ತದೆ. ಆದರೆ ಹಳೆಯ ಗಾಡಿಗಳ ನೆಲ ಮಾತ್ರ ಪ್ಲೈವುಡ್ಡಿನದು. ಕೆಳಗೆ ಉಕ್ಕಿನ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ಗೋಡೆ, ಎರಡನ್ನೂ ಬೋಲ್ಟ್ ಹಾಕಿ ಹಿಡಿದಿರುವುದು ನಡುವಿನ ಈ ಹಲಗೆಯ ಅಂಚು. ಕಿಟಕಿ, ಮೇಲಿನ ಗಾಳಿಕಿಂಡಿ, ದೀಪದ ತೂತು, ತಗಡುಗಳ ಸಂದು, ಎಲ್ಲಿಂದಲಾದರೂ ಒಂದು ಹನಿ ಒಳಹೊಕ್ಕರೆ ಅದು ಎರಡು ಗೋಡೆಗಳ ನಡುವೆ ಇಳಿದು ಆ ಅಂಚಿನಲ್ಲಿಯೇ ನಿಲ್ಲುತ್ತದೆ. ಹಲಗೆ ಕೊಳೆತಾಗ ಗೋಡೆಗೂ ಚೌಕಟ್ಟಿಗೂ ನಂಟು ಬಿಡುತ್ತದೆ. ಹೊರಗೆ ಏನೂ ಕಾಣದು.

ಮರುದಿನ ರೈತರ ಹಿತ್ತಿಲಿಗೆ ಹೋದೆವು. ಗಾಡಿ ನೋಡಲು ಚೆಂದ; ಒಳಗೆ ಹೊಸ ಲಿನೋಲಿಯಂ ಹಾಸಿತ್ತು. "ನೆಲಕ್ಕೆ ಸ್ವಲ್ಪ ತೇಪೆ ಹಾಕಿದರೆ ಸಾಕು" ಎಂದರು ಮಾರುವವರು. ವೃದ್ಧರು ಹೇಳಿದ್ದಂತೆ ಅಕ್ಕನ ಮಗ ಹಿಂದಿನ ಬಂಪರಿನ ಮೇಲೆ ನಿಂತು ಮೈಭಾರ ಹಾಕಿದ. ಬಂಪರು ಕೆಳಗಿಳಿಯಿತು, ಗೋಡೆ ಅಲ್ಲೇ ಉಳಿಯಿತು. ನಡುವೆ ಬೆರಳು ತೂರುವಷ್ಟು ಸಂದು. ಒಳಗೆ ಲಿನೋಲಿಯಂನ ಅಂಚೆತ್ತಿ ಸ್ಕ್ರೂಡ್ರೈವರಿನಿಂದ ಚುಚ್ಚಿದರೆ ಹಲಗೆ ನೆನೆದ ರೊಟ್ಟಿಯಂತೆ ಇಳಿಯಿತು. ಮೂಲೆಯಲ್ಲಿ ಬೂಷ್ಟಿನ ವಾಸನೆ.

ಸೊಸೆಯ ಮುಖ ಬಾಡಿತು. ಅವರ ಚಿಕ್ಕ ಮಗಳಿಗೆ ಉಬ್ಬಸವಿದೆ. ಬೂಷ್ಟಿರುವ ಪೆಟ್ಟಿಗೆಯಲ್ಲಿ ಆ ಮಗುವನ್ನು ಮಲಗಿಸುವುದು ಹೇಗೆ? ಮೇಲೆ ಇನ್ನೊಂದು ಹಾಸು ಹಾಸಿದರೆ ಬೂಷ್ಟು ಹೋಗುವುದೇ? ಬಿಟ್ಟುಬಿಡುವುದೋ, ಪೂರ್ತಿ ಬಿಚ್ಚುವುದೋ, ಎರಡೇ ದಾರಿ. ರಾತ್ರಿಯೆಲ್ಲ ಗಂಡಹೆಂಡಿರು ಲೆಕ್ಕ ಹಾಕಿದರು. ಗೋಡೆಯೂ ಚೌಕಟ್ಟಿನ ಮುಖ್ಯ ತೊಲೆಗಳೂ ಗಟ್ಟಿಯಾಗಿದ್ದವು. ನೆಲ ಪೂರ್ತಿ ಹೋಗಿದೆಯೆಂದೇ ಬೆಲೆ ಕಟ್ಟಿ, ಮಾರುವವರಿಗೆ ಆ ಸಂದು ತೋರಿಸಿಯೇ ಚೌಕಾಸಿ ಮಾಡಿದರು. ಅವರೂ ಒಪ್ಪಿ ದರ ಇಳಿಸಿದರು.

ಮುಂದಿನ ವಾರಗಳಲ್ಲಿ ನಾವೂ ಕೈ ಹಚ್ಚಿದೆವು. ಮೊದಲು ಕಪಾಟು, ಮಂಚ, ಒಳಗಿನ ತಗಡು ಎಲ್ಲವನ್ನೂ ಬಿಚ್ಚಿ ಒಂದೊಂದಕ್ಕೂ ಸಂಖ್ಯೆ ಬರೆದು ಚಿತ್ರ ತೆಗೆದಿಟ್ಟರು. ಮುಖಕ್ಕೆ ಮಾಸ್ಕು, ಕೈಗೆ ಗ್ಲೌಸು ಧರಿಸಿ ಗೋಡೆಯೊಳಗಿನ ಕಪ್ಪಾದ ಗಾಜುನೂಲಿನ ಹತ್ತಿಯನ್ನೂ ಇಲಿಗಳು ಎಂದೋ ಬಿಟ್ಟುಹೋದ ಗೂಡುಗಳನ್ನೂ ಹೊರಹಾಕಿದರು. ಆ ಕೆಲಸ ಮುಗಿಯುವವರೆಗೆ ಮಗುವನ್ನು ಹತ್ತಿರ ಬಿಡಲಿಲ್ಲ.

ಹೊಸ ಹಲಗೆಗೆ ಅವಸರ ಮಾಡಲಿಲ್ಲ. ಸೋರುವ ಜಾಗ ಸಿಗದೆ ನೆಲ ಹಾಕಿದರೆ ಅದೂ ಕೊಳೆಯುವುದೇ. ಹೊರಗೆ ಒಬ್ಬರು ಪೈಪು ಹಿಡಿದು ಕೆಳಗಿನಿಂದ ಮೇಲಕ್ಕೆ ಸ್ವಲ್ಪಸ್ವಲ್ಪವೇ ನೀರು ಬಿಡುವುದು, ಒಳಗೆ ಒಬ್ಬರು ಬ್ಯಾಟರಿ ಹಿಡಿದು ಹನಿ ಕಂಡಲ್ಲಿ ಗುರುತು ಹಾಕುವುದು. ಮೇಲಿನಿಂದ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಮೂಲ ತಿಳಿಯದು. ಸಂದುಗಳಿಗೆ ಪಾಲಿಯುರೆಥೇನ್ ಅಂಟು ತುಂಬಿದರು. ಸಿಲಿಕೋನ್ ಬಳಸಲಿಲ್ಲ; ಅದರ ಪಸೆಯ ಮೇಲೆ ಮುಂದೆ ಬೇರೆ ಅಂಟು ಹಿಡಿಯುವುದಿಲ್ಲ. ಚೌಕಟ್ಟಿನ ತುಕ್ಕು ಕೆರೆದು ಬಣ್ಣ ಬಳಿದು, ಮುಕ್ಕಾದ ಕಡೆ ಹೊಸ ಉಕ್ಕು ಬೆಸೆಸಿದರು. ಉಕ್ಕು ಮತ್ತು ಅಲ್ಯೂಮಿನಿಯಂ ಒದ್ದೆಯಲ್ಲಿ ತಾಗಿದರೆ ಅಲ್ಯೂಮಿನಿಯಂ ಸವೆಯುವುದರಿಂದ ನಡುವೆ ಅಡ್ಡಪಟ್ಟಿ ಇಟ್ಟರು. ಹೊಸ ಪ್ಲೈವುಡ್ಡಿನ ಅಂಚುಗಳಿಗೆಲ್ಲ ಎಪಾಕ್ಸಿ ಬಳಿದ ಮೇಲೆಯೇ ಬೋಲ್ಟ್ ಬಿಗಿದದ್ದು. ಸಡಿಲಾದ ರಿವೆಟ್‌ಗಳಿಗೆ ಹೊರಗೆ ಅಕ್ಕನ ಮಗ, ಒಳಗೆ ಸೊಸೆ. ಮೊದಲ ದಿನ ಹತ್ತರಲ್ಲಿ ನಾಲ್ಕು ಸೊಟ್ಟಗಾದವು. ವಾರ ಕಳೆಯುವಷ್ಟರಲ್ಲಿ ತಗಡಿನ ಈಚೆಯಿಂದಲೇ ಒಬ್ಬರ ಕೈ ಒಬ್ಬರಿಗೆ ತಿಳಿಯತೊಡಗಿತ್ತು.

ನಾವು ಊರಿಗೆ ಹೊರಡುವ ಮುನ್ನ ಎರಡು ದಿನ ಎಡೆಬಿಡದೆ ಮಳೆ ಸುರಿಯಿತು. ಸೊಸೆ ನೆಲದ ಅಂಚಿನುದ್ದಕ್ಕೂ ಒಣ ಕಾಗದ ಹಾಸಿ ಇಟ್ಟಿದ್ದಳು. ಬೆಳಿಗ್ಗೆ ನೋಡಿದರೆ ಒಂದು ಹಾಳೆಯೂ ಹಸಿಯಾಗಿರಲಿಲ್ಲ.

ವ್ಯಾಪಾರಸ್ಥ ಬಾಂಧವರು ಮಕ್ಕಳನ್ನು ನೋಡಲು ಅತ್ತ ಹೋದಾಗ ಜಾಕ್ಸನ್ ಸೆಂಟರಿಗೆ ಅವಶ್ಯ ಹೋಗಿ ಬರಬೇಕು. ಹಳೆಯ ಗಾಡಿಯಿರಲಿ, ಗೋದಾಮಿರಲಿ, ಕೊಳ್ಳುವಾಗ ಗೋಡೆಯ ಹೊಳಪು ನೋಡುವ ಮೊದಲು ನೆಲದ ಅಂಚು ಚುಚ್ಚಿ ನೋಡಬೇಕು. ರಿಪೇರಿಗೆ ಇಳಿದಾಗ ಕೊಳೆತದ್ದಕ್ಕಿಂತ ಮೊದಲು ಸೋರುವುದನ್ನು ಹುಡುಕಬೇಕು.